ದೋಣಿಯ ಚಕ್ರಕ್ಕೊಂದು ಕಲ್ಲು

ಮೈಸೂರಿನ ಪಕ್ಕದ ಕೆರೆಯೊಂದರಲ್ಲಿ ಹನ್ನೆರಡು ವರ್ಷದಿಂದ ಪ್ರವಾಸಿಗರ ದೋಣಿ ಓಡಿಸುತ್ತಿದ್ದೇನೆ. ಸಮುದ್ರದವರಿಗೆ ಬಿರುಗಾಳಿ, ತಿಮಿಂಗಿಲ ಅಂತ ಹೇಳಿಕೊಳ್ಳಲು ಏನಾದರೂ ಇರುತ್ತದೆ. ನಮಗೆ ಆಗುವುದೆಲ್ಲ ಇಂಥದ್ದೇ.

ಈ ಸಲ ಎಂಜಿನ್ನಿನ ಡೀಸೆಲ್ ಪಂಪು ಕೆಟ್ಟಿತು. ದೋಣಿ ಕಂಪನಿಯವರು ಹೊಸ ಪಂಪಿಗೆ ಮೂರು ವಾರ ಕಾಯಿರಿ ಅಂದರು. ನಮ್ಮ ಮ್ಯಾನೇಜರು ಭಾನುವಾರದ ಗಡುವು ಕೊಟ್ಟರು. "ಅಷ್ಟರಲ್ಲಿ ಓಡದಿದ್ರೆ ದಡಕ್ಕೆಳೆದು ಸೆಲ್ಫಿ ಪಾಯಿಂಟ್ ಮಾಡ್ಬಿಡೋಣ. ನೀವು ಪಕ್ಕದಲ್ಲಿ ನಿಂತು ಜನರ ಫೋಟೊ ತೆಗೀರಿ." ಬೋರ್ಡನ್ನೂ ಬರೆಸಿಟ್ಟರು.

೧. ಗಾಡಿ ಎಲ್ಲಿದೆ?

ಬನ್ನಿಮಂಟಪದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಮೆಕ್ಯಾನಿಕ್ಕೊಬ್ಬರ ಹತ್ತಿರ ಓಡಿದೆ.

"ಗಾಡಿ ಎಲ್ಲಿ ನಿಂತದೆ?"

"ಕೆರೆ ನೀರಲ್ಲಿ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಲ್ಲೀಗಂಟ ಯಾಕ್ ಓಡಿಸ್ಕೊಂಡ್ ಹೋದ್ರಿ?"

೨. ಕಲ್ಲು

ಬಂದವರು ಎಂಜಿನ್ನಿನ ಮುಚ್ಚಳ ತೆಗೆದು ಒಂದೇ ನೋಟಕ್ಕೆ ಗುರುತು ಹಿಡಿದರು. "ಇದು ನಮ್ ಟ್ರ್ಯಾಕ್ಟರ್ ಎಂಜಿನ್ನೇ ಕಣ್ರೀ. ಪೇಂಟ್ ಮಾತ್ರ ಬೇರೆ."

ಆದರೆ ಸ್ಪ್ಯಾನರ್ ಮುಟ್ಟಲಿಲ್ಲ. ಮೂವತ್ತು ವರ್ಷದಿಂದ ಚಕ್ರಕ್ಕೆ ಕಲ್ಲು ಕೊಡದೆ ಯಾವ ಗಾಡಿಗೂ ಕೈ ಹಾಕಿದವರಲ್ಲವಂತೆ.

ಚಕ್ರವಿಲ್ಲ ಅಂದೆ.

"ಚಕ್ರ ಇಲ್ದಿದ್ರೂ ಅಲ್ಲಾಡ್ತಾ ಅದಲ್ಲ?"

ವಾದ ಸರಿಯಾಗಿತ್ತು. ನಮ್ಮ ಲಂಗರೂ ಹಗ್ಗಕ್ಕೆ ಕಟ್ಟಿದ ಗುಂಡುಕಲ್ಲೇ. ಅದನ್ನು ನೀರಿಗೆ ಬಿಟ್ಟೆ.

"ಮತ್ತೆ ಇಲ್ಲ ಅಂದ್ರಿ!" ಅಂದರು.

೩. ಕಣ್ಣು

ಪಂಪಿಗೆ ಎರಡು ಬೋಲ್ಟು. ಒಂದು ಎದುರಿಗೆ, ಇನ್ನೊಂದು ದೇವರಿಗೂ ಕಾಣದಂತೆ ಹಿಂದೆ. ಅವರು ತಲೆಕೆಳಗಾಗಿ ಮಲಗಿ, ಕೈಯನ್ನು ಸಂದಿಯೊಳಗೆ ಬಿಟ್ಟು, ಕಣ್ಣು ಮುಚ್ಚಿಕೊಂಡರು. ನನಗೆ ಗಾಬರಿ.

"ಕಣ್ಣು ಮುಚ್ಚಿಬಿಟ್ರಲ್ಲ?"

"ಕಾಣದ ಬೋಲ್ಟಿಗೆ ಕಣ್ಣು ಬುಟ್ಕೊಂಡು ಏನ್ಮಾಡ್ಲಿ?"

ಬೆರಳ ತುದಿಯಲ್ಲೇ ಬಿಚ್ಚಿದರು. ಹಳೆಯ ಗ್ಯಾಸ್ಕೆಟ್ ಕೆರೆದು, ತಮ್ಮ ಅಂಗಡಿಯಿಂದ ತರಿಸಿದ ಟ್ರ್ಯಾಕ್ಟರಿನ ಹೊಸ ಪಂಪು ಕೂರಿಸಿ, ಪೈಪಿನೊಳಗಿನ ಗಾಳಿಯ ಗುಳ್ಳೆ ನಿಲ್ಲುವವರೆಗೆ ಪಂಪಿನ ಪುಟ್ಟ ಹಿಡಿಯನ್ನು ಹೆಬ್ಬೆರಳಲ್ಲಿ ಒತ್ತಿದರು. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಗುರುಗುಟ್ಟಿತು. ನಾನು ಕೈ ಮುಗಿದೆ. ಮ್ಯಾನೇಜರು ಬೋರ್ಡಿನ ಕಡೆ ನೋಡಿ ನಿಟ್ಟುಸಿರುಬಿಟ್ಟರು.

೪. ಟ್ರಯಲ್

ತಾವು ಕೂತು ಟ್ರಯಲ್ ನೋಡದೆ ಅವರು ಗಾಡಿ ಒಪ್ಪಿಸುವುದಿಲ್ಲ. ಲೈಫ್ ಜಾಕೆಟ್ಟಿನ ಮೇಲೆ ಸ್ಕೂಟರಿನ ಹೆಲ್ಮೆಟ್ಟನ್ನೂ ಹಾಕಿಕೊಂಡು ಹತ್ತಿದರು. ಕೆರೆಯ ನಡುವೆ, ಸದ್ದಿಗೆ ಕಿವಿಗೊಟ್ಟು ತಲೆದೂಗುತ್ತಾ ಕೇಳಿದರು, "ಪಂಪು ಸೂಪರ್. ಎಲ್ಲಿ, ಬ್ರೇಕ್ ಹಿಡೀರಿ ನೋಡಾಣ."

"ದೋಣಿಗೆ ಬ್ರೇಕ್ ಇರಲ್ಲ. ರಿವರ್ಸ್ ಹಾಕಿ ನಿಲ್ಲಿಸ್ತೀವಿ."

"ಓಡೋ ಗಾಡಿಗೆ ರಿವರ್ಸಾ!" ಎರಡೂ ಕೈಯಲ್ಲಿ ಹೆಲ್ಮೆಟ್ ಹಿಡಿದುಕೊಂಡರು. ದಡ ಮುಟ್ಟುವವರೆಗೆ ಬಿಡಲಿಲ್ಲ.

ಭಾನುವಾರ ಹೆಂಡತಿ, ಮಕ್ಕಳು, ಅತ್ತೆ ಸಮೇತ ಬಂದರು. ಎಲ್ಲರನ್ನೂ ಹತ್ತಿಸಿ ತಾವು ದಡದಲ್ಲೇ ಉಳಿದರು. ಅವರ ಹೆಂಡತಿ ಕೂಗಿದರು, "ನೀವೇ ರಿಪೇರಿ ಮಾಡಿ ನೀವೇ ಹತ್ತಲ್ವಾ?"

"ಪಂಪಿಗೆ ನಾನು ಗ್ಯಾರಂಟಿ ಕಣೇ, ಓಗ್ಬಾ. ನಿಲ್ಲಿಸೋಕೆ ಒಬ್ರು ಇರ್ಬೇಕಲ್ಲ!"

ದೋಣಿ ಒಂದು ಸಲವೂ ಕೆಮ್ಮದೆ ಸುತ್ತು ಹಾಕಿತು. ವಾಪಸು ಬರುವಾಗ ನೋಡಿದರೆ, ಮ್ಯಾನೇಜರು ದುಡ್ಡು ದಂಡವಾಗದಿರಲೆಂದು ನೆಡಿಸಿದ್ದ ಸೆಲ್ಫಿ ಪಾಯಿಂಟ್ ಬೋರ್ಡಿನ ಕೆಳಗೆ ನಮ್ಮ ಮೆಕ್ಯಾನಿಕ್ಕು ಪ್ಯಾಂಟು ಮಡಚಿ, ಎರಡೂ ಕೈಯಲ್ಲಿ ಒಂದೊಂದು ಕಲ್ಲು ಹಿಡಿದು, ದೋಣಿಯ ಮೇಲೇ ಕಣ್ಣಿಟ್ಟು ಬಗ್ಗಿ ನಿಂತಿದ್ದಾರೆ.

ಇಳಿದ ಜನರೆಲ್ಲ ಅವರ ಜೊತೆ ಸೆಲ್ಫಿ ತೆಗೆಸಿಕೊಂಡರು. ಫೋಟೊ ತೆಗೆದವನು ನಾನೇ.