ಸದ್ದಿಲ್ಲದೆ ಸಾಯುವ ಡಿಸ್ಕು

ಸಾಯುವವರು ಸ್ವಲ್ಪ ಸದ್ದು ಮಾಡಿ ಸಾಯಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಮನೆಯ ಕಂಪ್ಯೂಟರಿನ ಹಳೆಯ ಹಾರ್ಡ್ ಡಿಸ್ಕು ಹಾಗೆಯೇ ಸತ್ತಿತ್ತು. ತಿಂಗಳುಗಟ್ಟಲೆ ಕಟಕಟ ಎಂದು ನರಳಿ, ಎಲ್ಲರಿಗೂ ಮುನ್ಸೂಚನೆ ಕೊಟ್ಟು, ಗೌರವವಾಗಿ ಹೋಯಿತು. ಅದರ ಸ್ಥಾನವನ್ನು ಅಲಂಕರಿಸಿದ, ಒಳಗೆ ಏನೂ ತಿರುಗದ ಹೊಸ ಬಗೆಯ ಎಸ್‌ಎಸ್‌ಡಿಯೋ ಮಹಾಮೌನಿ. ಅದು ಕೆಲಸ ಮಾಡುತ್ತಿದೆಯೋ, ಕೊನೆಯುಸಿರು ಎಳೆಯುತ್ತಿದೆಯೋ ದೇವರಿಗೇ ಗೊತ್ತು.

ಈ ಭಯ ಹತ್ತಿಸಿದವರು ನನ್ನ ವಿಮಾ ಕಚೇರಿಯ ಪಕ್ಕದ ಮೇಜಿನವರು. ಟೀ ಹೀರುತ್ತಾ, "ಎಸ್‌ಎಸ್‌ಡಿ ತುಂಬಿ ತುಳುಕ್ತಾ ಇದ್ರೆ ಬೇಗ ಸವೆಯುತ್ತೆ ಕಣ್ರೀ. ಒಂದು ದಿನ ಸ್ವಿಚ್ ಹಾಕ್ತೀರಿ, ಅಷ್ಟೇ!" ಎಂದರು. ನಮ್ಮದು ತುಂಬಿ, ಜಾಗ ತೋರಿಸುವ ಗೆರೆ ಕೆಂಪಾಗಿ ಎಷ್ಟೋ ದಿನವಾಗಿತ್ತು. (ಚಿಕ್ಕದೇ ಸಾಕೆಂದು ಹಟ ಹಿಡಿದು ಕೊಂಡವನು ನಾನೇ.) ಅದರೊಳಗೆ ಮಕ್ಕಳ ಪಠ್ಯಪುಸ್ತಕಗಳಿಗೆಂದು ನನ್ನ ಹೆಂಡತಿ ಬರೆದ ಚಿತ್ರಗಳಿದ್ದವು. ತೀರಿಹೋದ ಮಾವನವರು ಮೊಮ್ಮಕ್ಕಳಿಗೆ ಕತೆ ಹೇಳಿದ ಧ್ವನಿಯೂ ಇತ್ತು.

ಅಂದಿನಿಂದ ನಾನು ಕಂಪ್ಯೂಟರ್ ಕೋಣೆಗೆ ತುದಿಗಾಲಲ್ಲಿ ಹೋಗತೊಡಗಿದೆ. ಹೆಂಡತಿ ಒಂದು ಚಿತ್ರ ಸೇವ್ ಮಾಡಿದರೂ ಓಡಿಬರುತ್ತಿದ್ದೆ.

"ಮೆಲ್ಲಗೆ ಕಣೇ! ಸವೆದುಹೋಗುತ್ತೆ!"

"ನನ್ನ ತಾಳ್ಮೆ ಸವೀತಾ ಇದೆ ರೀ. ಅಷ್ಟು ಹೆದರಿಕೆ ಇದ್ರೆ ದೊಡ್ಡದು ತನ್ನಿ. ಆದ್ರೆ ನೀವು ಕೈ ಹಾಕಬೇಡಿ, ಅಂಗಡಿಯವರ ಹತ್ರಾನೇ ಹಾಕಿಸಿ."

ದೊಡ್ಡದನ್ನು ತಂದೆ. ಎರಡನೆಯ ಮಾತು ಕಿವಿಗೆ ಬೀಳಲಿಲ್ಲ.

ಭಾನುವಾರ ಅವಳು ಮುದ್ರಣಾಲಯಕ್ಕೆ ಹೋದಳು. ನಮ್ಮೊಂದಿಗೇ ಇರುವ ಅತ್ತೆ ಹೊರಗೆ ಪಡಸಾಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ನಾನು ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಹಳೆಯ ಎಸ್‌ಎಸ್‌ಡಿಯನ್ನು ಹೊರತೆಗೆದು, ಹಳತು ಹೊಸತು ಎರಡನ್ನೂ ಕಚೇರಿಯ ಲ್ಯಾಪ್‌ಟಾಪಿಗೆ ಜೋಡಿಸಿದೆ. ಒಂದೇ ಕಂಪನಿಯ ಕಪ್ಪು ಡಬ್ಬಿಗಳು, ಥೇಟ್ ಅವಳಿಜವಳಿ. ಮೊದಲು ಹೊಸದನ್ನು ಫಾರ್ಮ್ಯಾಟ್ ಮಾಡಿಕೊಂಡರೆ ಒಳ್ಳೆಯದಂತೆ. "ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ?" ಎಂದು ಪರದೆ ವಿನಯದಿಂದ ಕೇಳಿತು. ಖಾಲಿ ಡಿಸ್ಕಿನಲ್ಲಿ ಅಳಿಸುವುದೇನು ಮಣ್ಣು ಎಂದು ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ಹೊಸದನ್ನು ತೆರೆದೆ, ಖಾಲಿ. ಸಂತೋಷ. ಹಳೆಯದನ್ನು ತೆರೆದೆ.

ಅದೂ ಖಾಲಿ.

ಎಸ್‌ಎಸ್‌ಡಿಗೆ ಸಾಲಿಡ್ ಸ್ಟೇಟ್, ಅಂದರೆ ಘನಸ್ಥಿತಿಯ ಡಿಸ್ಕು ಎನ್ನುತ್ತಾರೆ. ನಾನು ಮಾತ್ರ ಆ ಕ್ಷಣವೇ ದ್ರವಸ್ಥಿತಿಗೆ ಇಳಿದೆ. ಬೆವರಿದ ಬೆರಳಿನಲ್ಲಿ ಅಂಗಡಿಯವರಿಗೆ ಫೋನ್ ಮಾಡಿದೆ.

"ಹಾರ್ಡ್ ಡಿಸ್ಕ್ ಆಗಿದ್ರೆ ಏನಾದ್ರೂ ನೋಡಬಹುದಿತ್ತು ಸಾರ್," ಎಂದರು ಅವರು, ಡಾಕ್ಟರು ಕನ್ನಡಕ ತೆಗೆಯುವ ಧಾಟಿಯಲ್ಲಿ. "ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಸಿಗೋದು ಕಷ್ಟ."

ಅವಳಿಗಳಲ್ಲಿ ತಪ್ಪಾದದ್ದನ್ನು ಆರಿಸಿ, ಮಾವನವರ ಧ್ವನಿಯನ್ನು ನನ್ನ ಕೈಯಾರೆ ಅಳಿಸಿದ್ದೆ. ಹೊರಗೆ ಅತ್ತೆ ಏನೋ ಗುನುಗುತ್ತಿದ್ದರು. ಬಾಗಿಲ ಗಂಟೆ ಸದ್ದಾದಾಗ ಮಂಚದ ಕೆಳಗೆ ಜಾಗವಿದೆಯೇ ಎಂದು ನಿಜವಾಗಿಯೂ ಬಗ್ಗಿ ನೋಡಿದೆ. ಹೆಂಡತಿ ಒಳಗೆ ಬಂದವಳೇ ಬಿಚ್ಚಿದ ಕಂಪ್ಯೂಟರನ್ನೂ, ಬಗ್ಗಿದ ನನ್ನನ್ನೂ ನೋಡಿದಳು.

"ಏನು ಮಾಡಿದ್ರಿ?"

"ಎಲ್ಲಾ ಹೋಯ್ತು ಕಣೇ. ನಿನ್ನ ಚಿತ್ರ... ಮಾವನವರ ಕತೆ..."

ಅವಳು ಡಿಸ್ಕಿನಷ್ಟೇ ಸದ್ದಿಲ್ಲದೆ ಚೀಲ ಕೆಳಗಿಟ್ಟಳು. "ರೀ, ನೀವು ಸ್ಕ್ರೂಡ್ರೈವರ್ ಕೊಂಡುತಂದ ದಿನಾನೇ ನಾನು ನನ್ನದೆಲ್ಲಾ ಬೇರೆ ಎರಡು ಕಡೆ ಇಟ್ಟಿದ್ದೀನಿ."

"ಮಾವನವರದ್ದು?"

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿಗೆ ಕೈ ಒರೆಸಿ ತಮ್ಮ ಫೋನ್ ಒತ್ತಿದರು. "ಒಂದೂರಲ್ಲಿ ಒಬ್ಬ ರಾಜ..." ಎಂದು ಅದರೊಳಗಿಂದ ಮಾವನವರು ಕೆಮ್ಮಿ ಶುರುಮಾಡಿದರು. ನನಗೆ ಅಳುವೇ ಬಂತು.

"ಅಳಬೇಡಿ ಅಳಿಯಂದಿರೇ. ಹಾಗಾದ್ರೆ ಹೋಗಿದ್ದಾದ್ರೂ ಏನು?"

ಆಗ ಹೊಳೆಯಿತು. ಡಿಸ್ಕನ್ನು ಕಂಠಮಟ್ಟ ತುಂಬಿಸಿದ್ದ ನನ್ನ ಮೌತ್ ಆರ್ಗನ್ ವಾದನ! ಪ್ರತಿ ದಿನದ ಅಭ್ಯಾಸ, ವಿಡಿಯೋ ಸಮೇತ.

"ಅದಕ್ಕೆ ಬೇರೆ ಕಾಪಿ ಇಲ್ವಾ?" ಹೆಂಡತಿ ಕೇಳಿದಳು.

"ಇಲ್ಲ."

"ಎಲ್ಲೂ?"

"ಎಲ್ಲೂ ಇಲ್ಲ."

ತಾಯಿ ಮಗಳು ಮುಖ ಮುಖ ನೋಡಿಕೊಂಡರು. "ಅಯ್ಯೋ ಪಾಪ," ಎಂದರು ಅತ್ತೆ, ಹಬ್ಬದ ಮುಖ ಮಾಡಿಕೊಂಡು. ಹೆಂಡತಿ ಹೊಸ ಡಿಸ್ಕನ್ನು ಡಬ್ಬಿಗೆ ತುಂಬಿ ನನ್ನ ಕೈಗಿಟ್ಟಳು.

ಮರುದಿನ ಹಿಂದಿರುಗಿಸಲು ಹೋದಾಗ ಅಂಗಡಿಯವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲೇನು ತೊಂದರೆ ಸಾರ್?" ಎಂದರು.

"ತೊಂದರೆ ಏನಿಲ್ಲ," ಎಂದೆ. "ಹಳೇ ಅಳತೇನೇ ಸಾಕಂತೆ. ಮನೆಯವರು ಹೇಳಿದ್ರು."