ಕಾದಂಬರಿ ಭಿಶಿ

‘ನನಗೆ ಕಾದಂಬರಿ ಓದಲು ಬೇಸರ’ ಎಂದು ಡೈರಿಯಲ್ಲಿ ಬರೆದ ಸಮೃದ್ಧಿ ಆ ಸಾಲಿನ ಮೇಲೆ ಅಂಗೈ ಮುಚ್ಚಿದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಕನ್ನಡ ಎಂ.ಎ. ಮಾಡಿದವಳು ಇಂಥದ್ದನ್ನು ಗೋಡೆಗೂ ತೋರಿಸಬಾರದು.

‘ಕಾದಂಬರಿ: ಸ್ವರೂಪ, ಪ್ರಕಾರಗಳು, ಅಂಶಗಳು’ ಎಂಬ ಪತ್ರಿಕೆಯಲ್ಲಿ ಅವಳಿಗೆ ನೂರಕ್ಕೆ ಎಪ್ಪತ್ತೆಂಟು ಬಂದಿತ್ತು. ಓದಿದ್ದು ಎಂಬತ್ತು ಪುಟದ ಒಂದು ಗೈಡು. ಐತಿಹಾಸಿಕ, ಸಾಮಾಜಿಕ, ಪತ್ತೇದಾರಿ, ಎಲ್ಲದರ ಲಕ್ಷಣವೂ ಬಾಯಿಪಾಠ. ಒಂದನ್ನಾದರೂ ಕೊನೆ ಮುಟ್ಟಿಸಿರಲಿಲ್ಲ. ದಂಡೆಯ ಮೇಲೆ ನಿಂತೇ ಈಜಿನ ಪರೀಕ್ಷೆ ಪಾಸಾದವಳ ಹಾಗೆ.

ಅವಳನ್ನು ನೀರಿಗೆ ನೂಕಿದ್ದು ಶಿವಬಸವ ನಗರದ ಬಸವಣ್ಣೆವ್ವನ ಭಿಶಿ, ತಿಂಗಳಿಗೊಮ್ಮೆ ಸೇರುವ ಹೆಣ್ಣುಮಕ್ಕಳ ಚೀಟಿ ಕೂಟ. ಊರಿನ ಉಳಿದ ಭಿಶಿಗಳಲ್ಲಿ ಚೀಟಿ ಎತ್ತಿದರೆ ದುಡ್ಡು ಬರುತ್ತದೆ. ಇಲ್ಲಿ ಕಾದಂಬರಿ ಬರುತ್ತದೆ. ಯಾರ ಹೆಸರಿನ ಚೀಟಿ ಬಂತೋ ಅವರೊಬ್ಬರೇ ತಿಂಗಳಿಡೀ ಓದಿ ಕತೆ ಹೇಳಬೇಕು. ಉಳಿದ ಹನ್ನೊಂದು ಹೆಣ್ಣುಮಕ್ಕಳು ಚುರುಮುರಿ ತಿನ್ನುತ್ತ ಕೇಳಿ ಸಾಹಿತ್ಯಸೇವೆ ಮಾಡಿ ಏಳುತ್ತಾರೆ.

ಈ ಸಲದ ಚೀಟಿ ಸಮೃದ್ಧಿಯದು. ಕಾದಂಬರಿ ಪಾರಿಶ್ವಾಡದ ಸಾತಪ್ಪ ಮಾಸ್ತರರ ‘ಹಳ್ಳದ ಆಚೆ ದಂಡೆ’, ಆರುನೂರ ಎಂಟು ಪುಟ. ತಿಂಗಳು ಪೂರ್ತಿ ಹೆಣಗಿ ಮೂವತ್ತೊಂದನೆಯ ಪುಟ ಮುಟ್ಟಿದ್ದಳು. ಅಷ್ಟೂ ನಸುಕಿನ ವರ್ಣನೆ. ಮಂಜು ಸರಿದಿತ್ತು, ಕೋಳಿ ಎರಡು ಸಲ ಕೂಗಿತ್ತು, ಸೂರ್ಯ ಮಾತ್ರ ಇನ್ನೂ ಹುಟ್ಟಿರಲಿಲ್ಲ.

ಇಂದೇ ಕತೆ ಹೇಳುವ ದಿನ. ಬರೀ ಕತೆಯಾಗಿದ್ದರೆ ಜ್ವರ ಬಂತೆಂದು ಮಲಗಬಹುದಿತ್ತು. ಆದರೆ ಬಸವಣ್ಣೆವ್ವ ಒಂದು ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದಳು. “ಛಲೋತ್ನಂಗ ಹೇಳು. ಕನ್ನಡ ಲೆಕ್ಚರರ್ ಜಾಗಾ ಖಾಲಿ ಐತಿ, ಜೂನ್‌ಕ ನಿನ್ನ ಅಲ್ಲಿ ಕುಂದರಸ್ತೀನಿ” ಎಂದಿದ್ದಳು. ಎರಡು ವರ್ಷದಿಂದ ಅನಗೋಳದ ಮನೆಯಲ್ಲಿ ‘ಏನ್ ಮಾಡ್ತಿ ಈಗ?’ ಎಂಬ ಪ್ರಶ್ನೆಗೆ ಹೆದರಿ ಹಿತ್ತಿಲ ಬಾಗಿಲಿನಿಂದ ಓಡಾಡುತ್ತಿದ್ದ ಸಮೃದ್ಧಿಗೆ ಜ್ವರವೂ ಬರುವಂತಿರಲಿಲ್ಲ.

ಈ ತಿಂಗಳ ಭಿಶಿ ಖಾನಾಪುರದಲ್ಲಿ, ಬಸವಣ್ಣೆವ್ವನ ಅಕ್ಕ ಭೀಮಕ್ಕನ ಮನೆಯಲ್ಲಿ. ಹನ್ನೆರಡೂ ಮಂದಿ ಹತ್ತಿದ ಬಸ್ಸು ಬೆಳಗಾವಿ ದಾಟುವ ಮೊದಲೇ ಪಕ್ಕದ ಮನೆಯ ಖುಶ್ನುಮಾ ಹಿಂದಿನ ಸೀಟಿನಿಂದ ಕತ್ತು ಚಾಚಿದಳು. “ಖಾನಾಪುರತನಾ ಯಾರ ತಡೀತಾರ? ಒಂಚೂರು ಇಲ್ಲೇ ಹೇಳ.”

ಸಮೃದ್ಧಿ ಗೈಡನ್ನು ನೆನೆದಳು. “ಕಾದಂಬರಿಯ ಮುಖ್ಯ ಅಂಶಗಳು ಆರು. ಕಥಾವಸ್ತು, ಪಾತ್ರ, ಸಂಭಾಷಣೆ, ದೇಶಕಾಲ…”

“ಕಾಯಿಪಲ್ಲೆ ಚೀಟಿ ಯಾಕ ಓದ್ತಿ? ಪಲ್ಯ ಬಡಸ!”

ಬಸ್ಸಿನಲ್ಲಿ ನಗೆ ಎದ್ದಿತು. ಬಸವಣ್ಣೆವ್ವ ಹುಬ್ಬೇರಿಸಿ ನೋಡುತ್ತಿದ್ದಳು. ಸಮೃದ್ಧಿಯ ಬಾಯಿಂದ ತಾನಾಗಿ ಹೊರಬಿತ್ತು: “ಒಂದೂರಾಗ ಒಬ್ಬಾಕಿ ಸೊಸಿ ಇದ್ಳು.”

“ಅತ್ತಿ ಕಾಟ ಇತ್ತೇನು?” ಬಸವಣ್ಣೆವ್ವನ ಸೊಸೆ ಸಪ್ನಾ ಆಸೆಯಿಂದ ಕೇಳಿದಳು.

“ಭಾಳ ಇತ್ತು.”

“ಅತ್ತಿದೇನೂ ತಪ್ಪಿರಾಂಗಿಲ್ಲ ನೋಡ,” ಎಂದಳು ಬಸವಣ್ಣೆವ್ವ.

ಪೀರನವಾಡಿಯ ಹೊತ್ತಿಗೆ ಅತ್ತೆ ದೇವರಂಥವಳಾದಳು. ಸಪ್ನಾಳ ಮುಖ ಬಾಡಿದ್ದು ಕಂಡು, ಮಚ್ಛೆಯಲ್ಲಿ ಸೊಸೆಗೆ ಹಳೆಯ ಪ್ರೇಮಿಯೊಬ್ಬ ಸಿಕ್ಕ.

“ಆರನೂರು ಪುಟದಾಗ ಒಬ್ಬರೂ ಸಾಯೂದಿಲ್ಲಂದ್ರ ಹೆಂಗವಾ?” ಖುಶ್ನುಮಾ ತಕರಾರು ತೆಗೆದಳು. ದೇಸೂರಿನ ಹತ್ತಿರ ಗೌಡನ ಖೂನಿಯಾಯಿತು. ಸಾಮಾಜಿಕ ಕಾದಂಬರಿ ಪತ್ತೇದಾರಿಯಾಯಿತು. ಗಣೇಬೈಲಿನಲ್ಲಿ ಹೆಣದ ಪಕ್ಕದಲ್ಲಿ ಮುನ್ನೂರು ವರ್ಷದ ಹಳೆಯ ಖಡ್ಗ ಸಿಕ್ಕು ಐತಿಹಾಸಿಕವೂ ಆಯಿತು. ನಾಲ್ಕು ಮಂದಿಯ ಎದುರು ನಾಲ್ಕು ಮಾತಾಡದ ಹುಡುಗಿ ಮುಕ್ಕಾಲು ತಾಸು ಬಾಯಿ ಮುಚ್ಚಿರಲಿಲ್ಲ. ಖಾನಾಪುರ ಬಂದಾಗ ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತ. “ಅಕ್ಕಾರ, ಖೂನಿ ಮಾಡಿದವ್ರು ಯಾರು ಹೇಳಿ ಇಳೀರಿ.”

ಗೆದ್ದೆ ಎನಿಸಿತು ಸಮೃದ್ಧಿಗೆ. ಭೀಮಕ್ಕನ ಪಡಸಾಲೆಗೆ ಕಾಲಿಡುವವರೆಗೆ.

“ಬರ್ರಿ, ಕುಂದರ್ರಿ,” ಎಂದಳು ಭೀಮಕ್ಕ. ಅವಳ ಹಿಂದೆ, ಖುರ್ಚಿಯಲ್ಲಿ, ಬಿಳಿ ಟೋಪಿಯ ಮುದುಕರೊಬ್ಬರು ಕೂತಿದ್ದರು.

“ಇವರ ನೋಡವಾ ಕಾದಂಬರಿ ಬರದ ಸಾತಪ್ಪ ಮಾಸ್ತರ,” ಬಸವಣ್ಣೆವ್ವ ಸಮೃದ್ಧಿಯ ಬೆನ್ನು ತಟ್ಟಿದಳು. “ನಿನಗ ಖುಷಿ ಆಗಲಿ ಅಂತ ಹೇಳದ ಕರಸೀನಿ.”

ಸಮೃದ್ಧಿ ಕೈಯಲ್ಲಿದ್ದ ಪುಸ್ತಕವನ್ನು ಬೆನ್ನ ಹಿಂದೆ ಸರಿಸಿದಳು. ಅಷ್ಟರಲ್ಲಿ ಉಳಿದವರು ಮಾಸ್ತರರನ್ನು ಮುತ್ತಿದ್ದರು.

“ಗೌಡನ್ನ ಒಳಕಲ್ಲಿಲೆ ಹೊಡಸೀರಲ್ಲರಿ, ಏನ್ ತಲೀರಿ ನಿಮ್ದು!”

“ಆ ಪ್ರೇಮಿ ಬಾವ್ಯಾಗಿಂದ ಎದ್ದ ಬಂದಿದ್ದಕ್ಕ ನಾ ಅತ್ತಬಿಟ್ಟೆರಿ ಮಾಸ್ತರ.”

ಮಾಸ್ತರರ ಚಹಾ ಕೈಯಲ್ಲೇ ಆರಿತು. ಎಲ್ಲವನ್ನೂ ಕೇಳಿಸಿಕೊಂಡು ಸಮೃದ್ಧಿಯತ್ತ ತಿರುಗಿದರು. “ಪುಸ್ತಕ ಐತೇನು ತಂಗಿ? ಮೂವತ್ಮೂರನೇ ಪುಟ ತಗಿ.”

ಅವಳು ಹಾಳೆ ತಿರುವಿದಳು. ಮೂವತ್ತು, ಮೂವತ್ತೊಂದು, ಮೂವತ್ತೆರಡು. ಆಮೇಲೆ ಒಂದು. ಅದೇ ಮಂಜು, ಅದೇ ಕೋಳಿ. ಮುಂದೆ ತಿರುವಿದಳು. ಮತ್ತೆ ಮೂವತ್ತೆರಡು, ಮತ್ತೆ ಒಂದು.

“ಬೈಂಡಿಂಗ್ ಮಾಡಾಂವ ಮೂವತ್ತೆರಡು ಪುಟದ ಒಂದ ಫಾರ್ಮು ಹತ್ತೊಂಬತ್ತು ಸಲ ಸೇರಿಸಿ ಹೊಲದಾನ,” ಎಂದರು ಮಾಸ್ತರರು. “ಹನ್ನೊಂದು ವರ್ಷ ಆತು. ಯಾರರೆ ಬಂದು ‘ಮುಂದಿನ ಕತಿ ಎಲ್ಲೈತಿ’ ಅಂತ ಕೇಳ್ತಾರಂತ ಕಾಯಾಕ ಹತ್ತೇನಿ. ನಲವತ್ತೆರಡು ಮಂದಿ ‘ಅದ್ಭುತ’ ಅಂದಾರ. ಇಬ್ಬರು ಸನ್ಮಾನಾನೂ ಮಾಡ್ಯಾರ.”

ಎಲ್ಲರ ಕಣ್ಣು ಸಮೃದ್ಧಿಯ ಮೇಲೆ. ಜೂನ್ ತಿಂಗಳು ಅವಳ ಕಣ್ಣೆದುರೇ ಬಸ್ಸು ಹತ್ತಿ ಹೊರಟಿತು.

“ಹಂಗಾದ್ರ ಗೌಡನ್ನ ಕೊಂದವ್ರು ಯಾರು?” ಖುಶ್ನುಮಾ ಚೀರಿದಳು.

“ನನಗೇನ ಗೊತ್ತ? ನಾನೂ ಅದನ್ನ ಕೇಳಬೇಕಂತೀನಿ,” ಎಂದು ಮಾಸ್ತರರು ನಕ್ಕರು. “ಉಳಿದವ್ರು ಬರೇ ‘ಅದ್ಭುತ’ ಅಂದು ಜಾರಿಕೊಂಡ್ರು. ಈ ಹುಡುಗಿ ನನ್ನ ಹೆಸರಿನ್ಯಾಗ ಒಂದು ಕಾದಂಬರಿನ ಕಟ್ಟ್ಯಾಳ. ಇಷ್ಟು ಕಷ್ಟ ನನಗೋಸ್ಕರ ಯಾರೂ ಪಟ್ಟಿದ್ದಿಲ್ಲ.”

ಬಸವಣ್ಣೆವ್ವ ಕ್ಷಣ ಯೋಚಿಸಿ ತೊಡೆ ತಟ್ಟಿದಳು. “ಖರೇ ಅದ. ಓದದನ ಇಷ್ಟು ಪಾಠ ಮಾಡಾಕಿ ಲೆಕ್ಚರರ್ ಆಗದ ಮತ್ತ್ಯಾರು ಆಗಬೇಕು? ಜಾಗಾ ನಿಂದ!”

ಸಮೃದ್ಧಿ ಉಸಿರು ಬಿಟ್ಟಳು. ಅಷ್ಟರಲ್ಲಿ ಮಾಸ್ತರರು ಖುರ್ಚಿಯ ಕೆಳಗಿನಿಂದ ಚೀಲ ಎಳೆದರು. ದಾರ ಕಟ್ಟಿದ ಹಾಳೆಗಳ ಗಂಟೊಂದು ಅವಳ ಮಡಿಲಿಗೆ ಹಿಟ್ಟಿನ ಚೀಲದಂತೆ ಬಿತ್ತು.

“ಉಳಿದ ಐನೂರಾ ಎಪ್ಪತ್ತಾರು ಪುಟ. ನನ್ನ ಕೈಬರಹ. ಇದನ್ನ ಕೊಡಾಕ ಓದಾಕಿ ಒಬ್ಬಾಕಿ ಸಿಗಲಿ ಅಂತ ಕಾದಿದ್ದೆ.”

“ಹೂಂ ಅಂದ್ಬಿಡವಾ,” ಎಂದಳು ಬಸವಣ್ಣೆವ್ವ. “ಇದನ್ನ ಓದಿ ಮುಂದಿನ ತಿಂಗಳಾ ಹೇಳು, ಆರ್ಡರ್ ಕೈಯಾಗಿಡ್ತೀನಿ. ಮಾಸ್ತರ, ಕಾದಂಬರಿ ಅಂದ್ರ ಜೀವಾರೀ ಇಕಿಗೆ.”

ಒಂದು ‘ಹೂಂ’ ಸಾಕಿತ್ತು. ಸಮೃದ್ಧಿ ದಾರ ಬಿಚ್ಚಿ ಮೊದಲ ಸಾಲು ನೋಡಿದಳು: ‘ಸೂರ್ಯ ಇನ್ನೂ ಮೂಡಿರಲಿಲ್ಲ.’ ನಡುವೆ ಎಲ್ಲೋ ತೆಗೆದಳು: ‘ಕೋಳಿ ಮತ್ತೊಮ್ಮೆ ಕೂಗಿತು.’ ಕಟ್ಟಕಡೆಯ ಪುಟ ತಿರುವಿದಳು: ‘ಮೂಡಣದಲ್ಲಿ ಕೆಂಪು ತುಸು ಹೆಚ್ಚಾದಂತೆ ಕಂಡಿತು.’

ಹನ್ನೊಂದು ಹೆಣ್ಣುಮಕ್ಕಳು, ಭೀಮಕ್ಕ, ಮಾಸ್ತರರು ಅವಳ ಬಾಯಿಯನ್ನೇ ನೋಡುತ್ತಿದ್ದರು. ಸಮೃದ್ಧಿ ಗಂಟನ್ನು ಎರಡೂ ಕೈಯಿಂದ ಎತ್ತಿ ಮೆಲ್ಲಗೆ ಮಾಸ್ತರರ ತೊಡೆಯ ಮೇಲಿಟ್ಟಳು. ಆಮೇಲೆ, ಬೀದಿಯಲ್ಲಿ ಹೋಗುವವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು:

“ನನಗ ಕಾದಂಬರಿ ಓದಾಕ ಬ್ಯಾಸರ್ಕಿ ಆಗತೈತ್ರೀ!”