ಸೌಭಾಗ್ಯಳ ಲಾರಿಗೆ ನಾನು ತಂದ ಭಾರೀ ಕಾರ್ಡು

ನಮ್ಮ ಮನೆಯಾಕೆ ಸೌಭಾಗ್ಯಳನ್ನು ಪಾತ್ರೆ ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಮಾಲು ಹೀಗಿದೆ: ತಗಡು ದಪ್ಪ, ಹೊಳಪು ಮಧ್ಯಮ, ತಳ ಗಟ್ಟಿ. ಬೇಗ ಕಾಯುವುದಿಲ್ಲ, ಕಾದರೆ ಬೇಗ ಆರುವುದಿಲ್ಲ. ತಯಾರಾದದ್ದು ದೇವದುರ್ಗದ ಕಡೆ ಜಾಲಹಳ್ಳಿಯಲ್ಲಿ. ಇಷ್ಟು ವರ್ಷ ಸಂಸಾರದಲ್ಲಿ ಬಳಸಿದರೂ ಎಲ್ಲೂ ತಗ್ಗು ಬಿದ್ದಿಲ್ಲ. ಬಿದ್ದದ್ದೇನಿದ್ದರೂ ನನಗೆ. ಮಾನ್ವಿ ಬಜಾರದಲ್ಲಿ ಪಾತ್ರೆ ಅಂಗಡಿ ಇಟ್ಟ ಈ ಅಂಬರೇಶ ಇಂಥ ಮಾಲು ಇನ್ನೊಂದು ಕಂಡಿಲ್ಲ.

ಈ ಮಾಲಿಗೆ ಒಂದೇ ಚಟ, ಲಾರಿ ಓಡಿಸುವುದು. ನಿಜವಾದ ಲಾರಿ ಅಲ್ಲ, ಕಂಪ್ಯೂಟರಿನದು. ಮಧ್ಯಾಹ್ನ ಬಾಂಡೆ ತೊಳೆದಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳೆಂದರೆ, ಘಾಟಿನ ತಿರುವುಗಳಲ್ಲಿ ಸಿಮೆಂಟ್ ಲೋಡು ಹೇರಿಕೊಂಡು ಎದುರು ಬಂದ ಬಸ್ಸುಗಳನ್ನು ಹೊಲಕ್ಕಿಳಿಸುತ್ತಾಳೆ. ನನ್ನ ಸ್ಕೂಟರಿನ ಹಿಂದೆ ಕೂತಾಗ ಮಾತ್ರ "ಸಾವಕಾಶ ಹೋಗ್ರಿ" ಅನ್ನುತ್ತಾಳೆ.

ರಾಯಚೂರಿನ ತಮನ್ನಾ ಆಕೆಯ ಜೋಡಿ. ಇಬ್ಬರೂ ಸೇರಿ ಆನ್‌ಲೈನ್ ರೇಸಿನಲ್ಲಿ ಫೈನಲ್‌ಗೆ ಬಂದಿದ್ದರು. ಅರ್ಧ ದಾರಿ ತಮನ್ನಾ ಓಡಿಸಬೇಕು, ಉಳಿದರ್ಧ ಸೌಭಾಗ್ಯ, ಇಬ್ಬರೂ ತಮ್ಮ ತಮ್ಮ ಕಂಪ್ಯೂಟರಿನಿಂದಲೇ. ಭಾನುವಾರ ನಾಲ್ಕಕ್ಕೆ ರೇಸು, ಗೆದ್ದ ಜೋಡಿಗೆ ಮಾತ್ರ ಹೈದರಾಬಾದಿನ ದೊಡ್ಡ ಪಂದ್ಯ. ಆದರೆ ನಮ್ಮ ಕಂಪ್ಯೂಟರಿಗೆ ವಯಸ್ಸಾಗಿತ್ತು. ಘಾಟು ಹತ್ತುವಾಗ ಲಾರಿ ನಿಂತು ನಿಂತು, ಉಸಿರು ತೆಗೆದುಕೊಂಡು ಹೋಗುತ್ತಿತ್ತು. ಪರದೆಯ ಮೇಲೆ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡು ಬದಲಿಸಬೇಕು. ಕೈಯಲ್ಲಿದ್ದದ್ದು ಆಕೆ ಚೀಟಿ ಹಾಕಿ ಉಳಿಸಿದ ರೊಕ್ಕ ಅಷ್ಟೇ.

"ಸತ್ತಾರ್ ಚಾಚಾಗ ಹೇಳಿಟ್ಟೀನಿ" ಅಂದಳು. ಸತ್ತಾರ್ ಸಾಬ್ ಅಂದರೆ ತಮನ್ನಾಳ ತಂದೆ, ರಾಯಚೂರಿನಲ್ಲಿ ಹಳೇ ಕಂಪ್ಯೂಟರ್ ಸಾಮಾನಿನ ಅಂಗಡಿ. "ಸಣ್ಣ ಕಾರ್ಡೊಂದು ಎತ್ತಿಟ್ಟಾರ. ರೊಕ್ಕ ಕೊಟ್ಟು ತಗೊಂಡು ಬರ್ರಿ. ಮತ್ತೇನೂ ಮಾತಾಡಬ್ಯಾಡ್ರಿ."

"ಮಾತಾಡಲಾರದ ವ್ಯಾಪಾರ ಹೆಂಗಾಗ್ತದ?"

"ಅದಕ್ಕ ಹೇಳಿದ್ದು."

ನಾನು ಮೀಸೆ ತಿರುವಿದೆ. "ಅದೇ ರೊಕ್ಕದಾಗ ಇಡೀ ಮಾನ್ವಿ ತಾಲೂಕಿನ್ಯಾಗ ಇಲ್ಲದಂಥ ಕಾರ್ಡು ತರ್ತೀನಿ, ನೋಡ್ತಿರು" ಅಂತ ಘೋಷಿಸಿ ಶನಿವಾರ ಬಸ್ಸು ಹತ್ತಿದೆ.

"ಬರ್ರಿ ಸಾವಕಾರ್ರ, ಸೌಭಾಗ್ಯ ಬೇಟಿ ಹೇಳಿದ ಮಾಲು ತಯಾರದ" ಅಂತ ಸತ್ತಾರ್ ಸಾಬ್ ಸಣ್ಣ ಕಾರ್ಡನ್ನು ಕೈಗಿಟ್ಟರು. ಅಂಗೈಯಲ್ಲಿ ತೂಗಿ ನೋಡಿದೆ. ಪಾತ್ರೆಯಾದರೂ ಅಷ್ಟೇ, ಕಾರ್ಡಾದರೂ ಅಷ್ಟೇ, ಭಾರ ಇದ್ದದ್ದೇ ಬಾಳಿಕೆ ಬರುವುದು. ಇದು ಹುಳಿ ಬಡಿಸುವ ಸೌಟಿನಷ್ಟೂ ಇರಲಿಲ್ಲ. ಮೇಲಿನ ಗೂಡಿನಲ್ಲಿ ಮೂರು ಫ್ಯಾನಿನ, ಇಟ್ಟಿಗೆಯಂಥದೊಂದು ಕೂತಿತ್ತು.

"ಅದು ಕೊಡ್ರಿ ಚಾಚಾ."

"ಅದು ನಿಮ್ಮ ಡಬ್ಬಿಯೊಳಗ ಹಿಡಿಯಂಗಿಲ್ಲ. ಮ್ಯಾಲೆ ದೊಡ್ಡ ಪವರ್ ಸಪ್ಲೈ ಬ್ಯಾರೆ ಬೇಕಾಗ್ತದ."

ನಾನು ಒಳಗೊಳಗೇ ನಕ್ಕೆ. ಕುಕ್ಕರ್ ಮಾರಿದ ಮೇಲೆ, ಗಿರಾಕಿ ಮೆಟ್ಟಿಲಿಳಿಯುವ ಹೊತ್ತಿಗೆ, "ಗ್ಯಾಸ್ಕೆಟ್ ಒಂದು ಹೆಚ್ಚಿಗಿ ಇರಲಿ" ಅನ್ನುವವನು ನಾನು. ನನಗೇ ಗ್ಯಾಸ್ಕೆಟ್ ಮಾರುತ್ತಾರೆಯೇ?

"ಪವರ್ ಸಪ್ಲೈ ಬ್ಯಾಡ, ಗ್ಯಾರಂಟಿ ಬ್ಯಾಡ, ವಾಪಸ್ ತರಂಗಿಲ್ಲ. ಸಣ್ಣದರ ರೇಟಿಗೆ ದೊಡ್ಡದು ಕೊಡ್ರಿ."

"ವಾಪಸ್ ತರಂಗಿಲ್ಲ. ಪಕ್ಕಾ?"

"ವ್ಯಾಪಾರಿ ಮಾತು."

ಸತ್ತಾರ್ ಸಾಬ್ ಅದನ್ನು ಎಷ್ಟು ಚುರುಕಾಗಿ ಕಟ್ಟಿಕೊಟ್ಟರೆಂದರೆ, ನನಗೆ ಆಗಲೇ ಹೊಳೆಯಬೇಕಿತ್ತು. ವರ್ಷಗಟ್ಟಲೆ ಕೂತ ಮಾಲು ಹೊರಡುವಾಗ ನನ್ನ ಕೈಗೂ ಅದೇ ಚುರುಕು ಬರುತ್ತದೆ.

ಮನೆಯಲ್ಲಿ ಸೌಭಾಗ್ಯ ಗಂಟು ಬಿಚ್ಚಿ ನೋಡಿದಳು. "ಇದು ನಾ ಹೇಳಿದ್ದಲ್ಲ."

"ಅದಕ್ಕಿಂತ ದೊಡ್ಡದು. ರೇಟು ಅದೇ."

"ಚಪ್ಪಲಿನೂ ಹಿಂಗ ತರ್ತೀರೇನು? ಅದೇ ರೇಟಿಗೆ ಎರಡು ನಂಬರ್ ದೊಡ್ಡದು?" ಅಂದು, "ಮುಟ್ಟಬ್ಯಾಡ್ರಿ, ನಾಳಿ ಹೋಗಿ ಬದಲಿ ಮಾಡಿಸೂಣು" ಅಂತ ಅಡುಗೆಮನೆಗೆ ಹೋದಳು.

ವಾಪಸ್ ಇಲ್ಲ ಅಂತ ಮಾತು ಕೊಟ್ಟು ಬಂದದ್ದನ್ನು ಯಾವ ಬಾಯಿಂದ ಹೇಳಲಿ? ತಗಡು ಕತ್ತರಿ ತೆಗೆದೆ. ತಗಡಿನ ಜೊತೆ ಮಾತಾಡಲು ನನಗೆ ಯಾರೂ ಕಲಿಸಬೇಕಿಲ್ಲ. ಕಂಪ್ಯೂಟರ್ ಡಬ್ಬಿಯ ಮುಂಬದಿಗೆ ಕಿಂಡಿ ಕತ್ತರಿಸಿ ಕಾರ್ಡು ಕೂಡಿಸಿದೆ. ಗ್ವಾದಲಿಯಿಂದ ಎಮ್ಮೆ ಮೂತಿ ಚಾಚಿದಂತೆ ಅದು ಹೊರಗೆ ಇಣುಕಿತು. ಸ್ವಿಚ್ ಒತ್ತಿದೆ. ಮೂರೂ ಫ್ಯಾನುಗಳು ಒಟ್ಟಿಗೆ ತಿರುಗಿ, ಸಿಂಹಾಸನವೇರಿದ ಚಕ್ರವರ್ತಿಗೆ ಬೀಸುವಂತೆ ನನಗೆ ಗಾಳಿ ಬೀಸಿದವು. ಆಮೇಲೆ 'ಟಪ್' ಅಂತು. ಹಳೇ ಪವರ್ ಸಪ್ಲೈಯಿಂದ ಹೊಗೆ ಎದ್ದಿತು, ಮನೆಯ ದೀಪವೆಲ್ಲ ಆರಿತು.

ಕತ್ತಲೆಯಿಂದ ಸೌಭಾಗ್ಯಳ ದನಿ ಬಂತು: "ಫ್ಯೂಸ್ ಹಾಕ್ರಿ. ನಿಮ್ಮ ಮಾರಿ ನೋಡಬೇಕಾಗೇದ."

ಭಾನುವಾರ ಊಟ ಮುಗಿಸಿ ಬಸ್ಸು ಹತ್ತಿದೆವು. ದುಪ್ಪಟಿಯಲ್ಲಿ ಸುತ್ತಿದ ಡಬ್ಬಿ ಆಕೆಯ ತೊಡೆಯ ಮೇಲೆ, ಇಟ್ಟಿಗೆ ನನ್ನ ತೊಡೆಯ ಮೇಲೆ.

ದುಪ್ಪಟಿ ತೆಗೆದೊಡನೆ ಸತ್ತಾರ್ ಸಾಬ್ ಹೌಹಾರಿದರು. "ಯಾ ಅಲ್ಲಾ, ಇಲಿ ಕಡದಾವೇನು?"

"ಇಲಿ ಅಲ್ರಿ ಚಾಚಾ, ಇವರು."

"ಬೇಟಿ, ವಾಪಸ್ ತರಂಗಿಲ್ಲ ಅಂತ ಸಾವಕಾರ್ರು ಮಾತು ಕೊಟ್ಟಾರ."

ಸೌಭಾಗ್ಯ ನನ್ನ ಕಡೆ ತಿರುಗಿ ನೋಡಿದಳು. ಆ ನೋಟಕ್ಕೆ ನಾನು ಅಂಗಡಿಯ ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

"ವಾಪಸ್ ಬ್ಯಾಡ್ರಿ, ಬದಲಿ ಮಾಡೂಣು" ಅಂದಳು. "ನಮ್ಮ ಅಂಗಡ್ಯಾಗ ಹಳೇ ಬಾಂಡೆ ಕೊಟ್ಟು ಹೊಸದು ಒಯ್ತಾರಲ್ಲ, ಹಂಗ. ನಿಮ್ಮ ಮನ್ಯಾಗ ಬಡೇಬೀ ಚಾಚಿ ಮದುವಿ ಅಡಿಗಿ ಗುತ್ತಿಗಿ ಹಿಡೀತಾರ. ನಮ್ಮ ಅಂಗಡಿ ಬಾಗಲಾಗಿನ ಬಿರ್ಯಾನಿ ದೇಗದ ಮ್ಯಾಲೆ ಅವರ ಕಣ್ಣದ. ಈ ಕಾರ್ಡೂ ದೇಗನೂ ನಿಮಗ. ಸಣ್ಣ ಕಾರ್ಡು, ಪವರ್ ಸಪ್ಲೈ ನಮಗ."

ನನ್ನ ದೇಗ, ಅಷ್ಟು ದೊಡ್ಡ ಹಂಡೆ! ಪೋತ್ನಾಳದ ಗಿರಾಕಿ ಮೂರು ಸಲ ಬಂದು ಕೇಳಿದರೂ ಒಂದು ಪೈಸೆ ಇಳಿಸದೆ ಇಟ್ಟುಕೊಂಡದ್ದು. ಸತ್ತಾರ್ ಸಾಬ್ ಅಷ್ಟರಲ್ಲೇ ಒಪ್ಪಿ ಸ್ಕ್ರೂಡ್ರೈವರ್ ಹಿಡಿದಾಗಿತ್ತು. ಆ ಅಂಗಡಿಯಲ್ಲಿ ಓಡುವ ಕಂಪ್ಯೂಟರೆಂದರೆ ತಮನ್ನಾಳದೊಂದೇ. ಉಳಿದವು ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದವು. ನಾಲ್ಕು ಹೊಡೆಯಿತು, ತಮನ್ನಾ ರೇಸು ಶುರು ಮಾಡಿದಳು. ಆಕೆಯ ಪಾಲಿನ ದಾರಿ ಮುಗಿಯುವುದರೊಳಗೆ ನಮ್ಮದು ತಯಾರಾಗುತ್ತಿತ್ತು, ನನ್ನ ನಾಲಿಗೆ ಸುಮ್ಮನಿದ್ದಿದ್ದರೆ.

"ಚಾಚಾ, ದೇಗ ಅಷ್ಟೇ. ಮುಚ್ಚಳ ಬ್ಯಾರೆ."

ಸತ್ತಾರ್ ಸಾಬ್ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಮುಚ್ಚಳ ಇಲ್ಲದ ಬಿರ್ಯಾನಿಗೆ ದಮ್ ಹೆಂಗ ಹಾಕೂದು ಸಾವಕಾರ್ರ?"

"ನೀವು ಪವರ್ ಸಪ್ಲೈ ಬ್ಯಾರೆ ಅಂದಂಗ ಇದು."

"ಹಂಗಾದ್ರ ಇದರ ವಯರ್ ಬ್ಯಾರೆ."

"ಹಂಗಾದ್ರ ದೇಗ ತರೂ ಆಟೋ ಬಾಡಿಗಿ ನಿಮ್ದು."

ಇಬ್ಬರೂ ಹುರುಪಿಗೆ ಬಂದೆವು. ಎಷ್ಟೋ ದಿನದ ಮೇಲೆ ಸರಿಯಾದ ಜೋಡಿ ಸಿಕ್ಕಂತಾಗಿತ್ತು.

"ಅಕ್ಕಾ, ನಂದು ಮುಗೀತು, ಲಾರಿ ನಿಂದ್ರಿಸೀನಿ" ಅಂತ ತಮನ್ನಾ ಕೂಗಿದಳು. ಪರದೆಯ ಮೇಲೆ ನಮ್ಮ ಲಾರಿ ಇಂಡಿಕೇಟರ್ ಮಿಟುಕಿಸುತ್ತ ರಸ್ತೆ ಬದಿಗೆ ನಿಂತಿತ್ತು. ಅದುವರೆಗೆ ಹಿಂದಿದ್ದವು ಒಂದೊಂದಾಗಿ ದಾಟಿ ಹೋಗುತ್ತಿದ್ದವು.

ಸೌಭಾಗ್ಯ ಜೋರು ಮಾಡಲಿಲ್ಲ. "ರೀ, ಮುಚ್ಚಳ ಕೊಡ್ರಿ" ಅಂದಳು.

ಕೊಟ್ಟೆ. ವಯರ್ ಬಂತು, ಕಂಪ್ಯೂಟರ್ ಎದ್ದಿತು. ಆಮೇಲೆ ಆಕೆ ಓಡಿಸಿದ್ದನ್ನು ನೋಡಬೇಕಿತ್ತು. ಸಣ್ಣ ಕಾರ್ಡಿನ ಮೇಲೆ ಘಾಟು ಎಣ್ಣೆ ಹಚ್ಚಿದಂತೆ ಜಾರಿತು. ಮುಂದೆ ಹೋದವರನ್ನೆಲ್ಲ ಹಿಂದೆ ಹಾಕಿದಳು, ಒಂದು ಲಾರಿ ಬಿಟ್ಟು. ಅದರ ಹಿಂಬದಿಯ ಕೆಂಪು ದೀಪ ಮುಟ್ಟುವಷ್ಟು ಹತ್ತಿರ ಇರುವಾಗ ದಾರಿ ಮುಗಿಯಿತು. ಎರಡನೇ ಸ್ಥಾನ.

ತಮನ್ನಾ ಓಢಣಿಯಿಂದ ಕಣ್ಣೊರೆಸಿಕೊಂಡಳು. ಸೌಭಾಗ್ಯ ಆಕೆಯ ಬೆನ್ನು ಸವರಿದಳು. "ಅಳಬ್ಯಾಡ ಬೇ. ಮುಂದಿನ ಸಲ ಇವರನ್ನ ಮನ್ಯಾಗ ಕೀಲಿ ಹಾಕಿ ಬರ್ತೀನಿ."

ನಾನು ನಗಲಿಲ್ಲ. ಆ ಒಂದು ಲಾರಿಯನ್ನು ಮುಂದೆ ಬಿಟ್ಟವನು ನಾನೇ. ಸೌಭಾಗ್ಯಳಿಗೆ ನಾನು ಒಂದು ಹೈದರಾಬಾದ್ ಬಾಕಿ ಉಳಿಸಿಕೊಂಡಿದ್ದೇನೆ.